ಇಂದಿನ ಧಮ್ಮ ಚಿಂತನೆ: ಉಪಾಸಕನ ಕೈಯಲ್ಲಿ ಕತ್ತಿ





ಪಂಚಶೀಲ ಸ್ವೀಕರಿಸಿದ ಉಪಾಸಕ ಹಣ ಕೊಟ್ಟು ಕತ್ತಿ ಕೊಳ್ಳಬಹುದೇ? ನಾನು ಹೇಳುತ್ತಿರುವುದು ಅಡುಗೆಮನೆಯ ಚಾಕುವಿನ ಮಾತಲ್ಲ, ಹೊಲದ ಕುಡುಗೋಲಿನ ಮಾತೂ ಅಲ್ಲ. 70 ಸೆಂಟಿಮೀಟರ್ ಉದ್ದದ ಚೂಪಾದ ಅಲಗಿರುವ, ಜಪಾನಿ ಮಾದರಿಯ ಕತ್ತಿ.

ಪ್ರಶ್ನೆ ನನ್ನದೇ. ಕೆಲಸದ ಸಲುವಾಗಿ ಅಮೆರಿಕದಲ್ಲಿರುವ ನಾನು ನಾಲ್ಕು ವರ್ಷಗಳಿಂದ ಜಪಾನಿ ಕತ್ತಿವರಸೆ ಕಲಿಯುತ್ತಿದ್ದೇನೆ. ಮೊದಲು ಮರದ ಕತ್ತಿ, ಆಮೇಲೆ ಮೊಂಡು ಅಲಗಿನ ಕತ್ತಿ. ಈ ವರ್ಷ ಗುರುಗಳು, "ಇನ್ನು ಕಡಿಯುವ ಅಭ್ಯಾಸ. ನಿಮ್ಮದೇ ಕತ್ತಿ ತನ್ನಿ" ಎಂದರು. ಕೊಳ್ಳುವ ಮೊದಲು ನಮ್ಮ ಅಧ್ಯಯನ ಬಳಗದಲ್ಲಿ ಕೇಳಿದೆ. ಕಲಬುರಗಿಯ ಹಿರಿಯ ಉಪಾಸಿಕೆಯೊಬ್ಬರು, ನಾವೆಲ್ಲ ಅಕ್ಕ ಎಂದು ಕರೆಯುವವರು, ಒಂದೇ ಮಾತು ಕೇಳಿದರು: "ತಮ್ಮಾ, ಶಸ್ತ್ರ ಮಾರಬ್ಯಾಡ್ರಿ ಅಂತ ಬುದ್ಧ ಹೇಳ್ಯಾರ. ಕೊಳ್ಳೋರ ಇಲ್ದ ಮಾರೋರು ಎಲ್ಲಿಂದ ಬಂದ್ರು?"

ಈ ಮಾತಿಗೆ ಉತ್ತರ ಸಿಗುವವರೆಗೆ ಹಣ ಕಟ್ಟಬಾರದು ಎಂದುಕೊಂಡೆ. ಎರಡು ತಿಂಗಳು ಹಿಡಿಯಿತು. ನನಗೆ ಸಿಕ್ಕ ಉತ್ತರವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಒಪ್ಪುವುದು ಬಿಡುವುದು ನಿಮ್ಮ ವಿವೇಕಕ್ಕೆ ಬಿಟ್ಟದ್ದು.

*1. ಇದು ಏನು ವಸ್ತು?*

ಮೊದಲು ವಸ್ತುವನ್ನು ಇದ್ದ ಹಾಗೆ ನೋಡೋಣ. ಕಡಿಯುವ ಅಭ್ಯಾಸಕ್ಕೆ ಜಪಾನಿನಲ್ಲಿ 'ತಮೆಶಿಗಿರಿ' ಎನ್ನುತ್ತಾರೆ. ಪರೀಕ್ಷೆಗಾಗಿ ಕಡಿಯುವುದು ಎಂದರ್ಥ. ಜೊಂಡುಹುಲ್ಲಿನ ಚಾಪೆಯನ್ನು ಬಿಗಿಯಾಗಿ ಸುರುಳಿ ಸುತ್ತಿ, ನೀರಿನಲ್ಲಿ ನೆನೆಸಿ, ಮರದ ಗೂಟದ ಮೇಲೆ ನಿಲ್ಲಿಸುತ್ತಾರೆ. ಅದನ್ನು ಓರೆಯಾಗಿ ಒಂದೇ ಏಟಿಗೆ ಕಡಿಯಬೇಕು. ಚಾಪೆಯೇ ಯಾಕೆ? ನೆನೆದ ಜೊಂಡು ಮಾಂಸದಂತೆ ಅಲಗನ್ನು ತಡೆಯುತ್ತದೆ ಎಂದು. ಕೆಲವರು ಒಳಗೆ ಹಸಿ ಬಿದಿರು ಇಡುತ್ತಾರೆ, ಅದು ಮೂಳೆಯ ಲೆಕ್ಕ. ಇದನ್ನು ಮುಚ್ಚಿಟ್ಟು 'ಇದು ಬರೀ ಆಟ' ಎನ್ನುವುದು ಪ್ರಾಮಾಣಿಕತೆಯಲ್ಲ. ಚಾಪೆ ನಿಂತಿರುವುದು ಮನುಷ್ಯನ ಮೈಯ ಜಾಗದಲ್ಲಿ.

ಇತಿಹಾಸ ಇನ್ನೂ ಕಠಿಣವಾಗಿದೆ. ಎದೊ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗೆ, ಹೊಸ ಕತ್ತಿಯ ಹರಿತವನ್ನು ಮರಣದಂಡನೆಗೆ ಒಳಗಾದವರ ಶವಗಳ ಮೇಲೆ ಪರೀಕ್ಷಿಸುತ್ತಿದ್ದರು. ಯಮದಾ ಅಸಾಎಮೊನ್ ಎಂಬ ಹೆಸರು ಹೊತ್ತ ಮನೆತನದವರು ತಲೆಮಾರುಗಳ ಕಾಲ ಇದನ್ನೇ ವೃತ್ತಿ ಮಾಡಿಕೊಂಡಿದ್ದರು. ಎಷ್ಟು ದೇಹ ಕಡಿಯಿತು ಎಂಬುದನ್ನು ಕೆಲವು ಕತ್ತಿಗಳ ಮೇಲೆ ಚಿನ್ನದ ಅಕ್ಷರದಲ್ಲಿ ಕೆತ್ತಿಸಿದ್ದೂ ಉಂಟು.

ಆ ಶವಗಳನ್ನು ಎತ್ತುವ, ಹೊರುವ ಕೆಲಸ ಯಾರದು? ನಮಗೆ ಉತ್ತರ ಊಹಿಸುವುದು ಕಷ್ಟವಲ್ಲ. ಅದನ್ನು 'ಹಿನಿನ್' ಎಂಬವರ ಮೇಲೆ ಹೇರಲಾಗಿತ್ತು. ಆ ಪದದ ಅರ್ಥವೇ 'ಮನುಷ್ಯರಲ್ಲದವರು'. ಸತ್ತ ದನ ಎಳೆದು ಚರ್ಮ ಹದ ಮಾಡುವವರನ್ನು 'ಎತಾ' ಎಂದು ಕರೆದು ಊರ ಹೊರಗೆ ಇಟ್ಟಿದ್ದರು. ಯೋಧನ ಕವಚಕ್ಕೆ ಬೇಕಾದ ಚರ್ಮ ಅವರ ಕೈಯಿಂದಲೇ ಬರಬೇಕು, ಆದರೆ ಅವರನ್ನು ಮುಟ್ಟಬಾರದು. 1871ರಲ್ಲಿ ಸರ್ಕಾರಿ ಆಜ್ಞೆಯಿಂದ ಆ ಹೆಸರುಗಳು ಹೋದವು, ತಾರತಮ್ಯ ಹೋಗಲಿಲ್ಲ. 1922ರ ಮಾರ್ಚ್ 3ರಂದು ಅವರು ಕ್ಯೋಟೊ ನಗರದಲ್ಲಿ ಸೇರಿ 'ಸುಯಿಹೆಯಿಶಾ' ಎಂಬ ಸಂಘ ಕಟ್ಟಿದರು. ಸುಯಿಹೆಯಿ ಎಂದರೆ ನೀರಿನ ಮಟ್ಟದಂತೆ ಸಮ. ಐದು ವರ್ಷಗಳ ನಂತರ, 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದರು.

ಇನ್ನೊಂದು ಸಂಗತಿಯನ್ನೂ ನಾವು ತಿಳಿದಿರಬೇಕು. ಆ ಜನರ ಸತ್ತವರಿಗೆ ಜಪಾನಿನ ಬೌದ್ಧ ದೇವಾಲಯಗಳೇ ಹೀನಾರ್ಥದ ಮರಣೋತ್ತರ ಹೆಸರುಗಳನ್ನು ಕೊಟ್ಟ ದಾಖಲೆಗಳಿವೆ. ಬುದ್ಧನ ವಿಗ್ರಹ ಇದ್ದಲ್ಲೆಲ್ಲ ಸಮತೆ ಇರುತ್ತದೆ ಎಂದಲ್ಲ. ಕತ್ತಿಯ ಅಂಗಡಿಯವರು ಹೇಳುವ 'ಸಮುರಾಯ್ ಗೌರವ'ದ ಕಥೆಯಲ್ಲಿ ಈ ಪುಟಗಳಿಲ್ಲ. ಕೊಳ್ಳುವವನು ನಾನಾದರೆ ಅವನ್ನೂ ಓದಿಯೇ ಕೊಳ್ಳಬೇಕು.

*2. ಅಕ್ಕನ ಪ್ರಶ್ನೆ*

ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಅಂಗುತ್ತರ ನಿಕಾಯ ಹೇಳುತ್ತದೆ: ಶಸ್ತ್ರ, ಜೀವಿಗಳು, ಮಾಂಸ, ಮದ್ಯ, ವಿಷ. ಪಟ್ಟಿಯಲ್ಲಿ ಶಸ್ತ್ರವೇ ಮೊದಲು. ಕಾರಣ ಸ್ಪಷ್ಟ. ಜಗತ್ತಿನಲ್ಲಿ ಕೊಲೆ ಹೆಚ್ಚಾದಷ್ಟೂ ಶಸ್ತ್ರ ಮಾರುವವನ ಲಾಭ ಹೆಚ್ಚು. ಅವನ ಹೊಟ್ಟೆ ತುಂಬುವುದಕ್ಕೆ ಇನ್ನೊಬ್ಬರ ದ್ವೇಷ ಬೇಕು.

ಹಾಗಾದರೆ ಕೊಳ್ಳುವವನು? 'ಮಾರಬೇಡಿ ಎಂದರು, ಕೊಳ್ಳಬೇಡಿ ಎನ್ನಲಿಲ್ಲ' ಎಂಬುದು ವಕೀಲಿ ಉತ್ತರ. ಅದನ್ನು ನಾನು ಒಪ್ಪುವುದಿಲ್ಲ. ಮಾರುವುದು ಯಾವ ಕಾರಣಕ್ಕೆ ತಪ್ಪೋ ಅದೇ ಕಾರಣವನ್ನು ಕೊಳ್ಳುವುದಕ್ಕೂ ಹಚ್ಚಿ ನೋಡಬೇಕು.

ಇಲ್ಲಿ ಬಾಬಾಸಾಹೇಬರು ದಾರಿ ತೋರಿಸಿದ್ದಾರೆ. 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅವರು ತತ್ವ ಬೇರೆ, ನಿಯಮ ಬೇರೆ ಎನ್ನುತ್ತಾರೆ. ಬುದ್ಧನು ಅಹಿಂಸೆಯನ್ನು ಕುರುಡು ನಿಯಮವಾಗಿ ಕೊಡಲಿಲ್ಲ, ತತ್ವವಾಗಿ ಕೊಟ್ಟ. ಕೊಲ್ಲುವ ಇಚ್ಛೆಯನ್ನೂ ಕೊಲ್ಲಲೇಬೇಕಾದ ಅಗತ್ಯವನ್ನೂ ಬೇರ್ಪಡಿಸಿ ನೋಡಿದ ಎಂಬುದು ಅವರ ವಿವರಣೆ. ಅದೇ ಪುಸ್ತಕದ ಸಿದ್ಧಾರ್ಥ ಬಿಲ್ವಿದ್ಯೆ ಕಲಿತವನು, ಆದರೆ ಗೆಳೆಯರು ಎಷ್ಟು ಕರೆದರೂ ಬೇಟೆಗೆ ಹೋಗದವನು. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ಹೊರಟಾಗ ಸಂಘದ ಸಭೆಯಲ್ಲಿ ಎದ್ದು ನಿಂತು ಬೇಡ ಎಂದವನು. ಆಯುಧ ಗೊತ್ತಿಲ್ಲದೆ ಸುಮ್ಮನಿದ್ದವನಲ್ಲ ಅವನು. ಗೊತ್ತಿದ್ದೂ ನಿರಾಕರಿಸಿದವನು.

ತತ್ವ ನಮಗೆ ಸ್ವಾತಂತ್ರ್ಯ ಕೊಡುತ್ತದೆ, ಜೊತೆಗೆ ಲೆಕ್ಕವನ್ನೂ ಕೇಳುತ್ತದೆ. ನನ್ನ ಲೆಕ್ಕ ಇದು: ನಾನು ಕೊಳ್ಳುವುದರಿಂದ ಯಾರಿಗಾದರೂ ಭಯ ಹೆಚ್ಚುತ್ತದೆಯೇ? ನನ್ನೊಳಗೆ ಕೊಲ್ಲುವ ಇಚ್ಛೆ ಬೆಳೆಯುತ್ತದೆಯೇ? ಎರಡಕ್ಕೂ 'ಇಲ್ಲ' ಎನ್ನಲು ಬರುವಂತೆ ಕತ್ತಿಯನ್ನು ಇಟ್ಟುಕೊಳ್ಳಲು ಸಾಧ್ಯವೇ? ಸಾಧ್ಯ, ಆದರೆ ಷರತ್ತುಗಳ ಮೇಲೆ. ಆ ಷರತ್ತುಗಳನ್ನು ಕೊನೆಗೆ ಹೇಳುತ್ತೇನೆ.

*3. ಕಾಲಾಮರ ಹಾಗೆ ಕೊಳ್ಳುವುದು*

ಕೇಳಿದ ಮಾತೆಂದು, ಪರಂಪರೆಯೆಂದು, ಗುರು ಹೇಳಿದನೆಂದು ನಂಬಬೇಡಿ, ಪರೀಕ್ಷಿಸಿ ತಿಳಿಯಿರಿ ಎಂದು ಬುದ್ಧರು ಕೇಸಪುತ್ತದ ಕಾಲಾಮರಿಗೆ ಹೇಳಿದರು. ಅಗ್ಗದ ಕತ್ತಿಯ ಮಾರುಕಟ್ಟೆಯಲ್ಲಿ ಈ ಉಪದೇಶ ಅಕ್ಷರಶಃ ಜೀವ ಉಳಿಸುತ್ತದೆ. ಕೆಟ್ಟ ಕತ್ತಿ ಬೀಸುವಾಗ ಮುರಿದರೆ ಅಲಗು ಪಕ್ಕದಲ್ಲಿ ನಿಂತವರ ಮೈಗೆ ಹೋಗುತ್ತದೆ. ಜೀವ ಹೋಗುವುದಕ್ಕೆ ದ್ವೇಷವೇ ಬೇಕೆಂದಿಲ್ಲ, ಅಸಡ್ಡೆಯೂ ಸಾಕು.

ಜಪಾನಿನಲ್ಲಿ ಪರವಾನಗಿ ಪಡೆದ ಕಮ್ಮಾರ ಮಾಡಿದ ಕತ್ತಿಗೆ ಹಲವು ಸಾವಿರ ಡಾಲರ್ ಬೆಲೆ. ನಮ್ಮಂಥವರಿಗೆ ಸಿಗುವುದು 200ರಿಂದ 300 ಡಾಲರಿನವು. ಅವು ಹೆಚ್ಚಾಗಿ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಲಾಂಗ್‌ಚ್ವಾನ್ ಪಟ್ಟಣದ ಕುಲುಮೆಗಳಿಂದ ಬರುತ್ತವೆ. ನಾನು ನೋಡಿದ ಅಂಶಗಳು ಇವು.

ಉಕ್ಕು: ಗೋಡೆಗೆ ತೂಗುಹಾಕಲು ಮಾಡಿದ ಸ್ಟೇನ್‌ಲೆಸ್ ಕತ್ತಿಯಿಂದ ಏನನ್ನೂ ಕಡಿಯಬಾರದು. ಅಷ್ಟು ಉದ್ದದ ಸ್ಟೇನ್‌ಲೆಸ್ ಅಲಗು ಏಟಿಗೆ ತಾಳದೆ ಮುರಿಯುವುದು ಹೆಚ್ಚು. ಕಾರ್ಬನ್ ಉಕ್ಕು ಬೇಕು. 1060 ಎಂದರೆ ಸುಮಾರು 0.60 ಶೇಕಡಾ ಕಾರ್ಬನ್. 1095ರಲ್ಲಿ ಇನ್ನೂ ಹೆಚ್ಚು. ಅದು ಹರಿತ ಹಿಡಿಯುತ್ತದೆ, ಆದರೆ ಕಲಿಯುವವನ ತಪ್ಪು ಏಟನ್ನು ಸಹಿಸುವುದು ಕಡಿಮೆ. 9260 ಎಂಬ ಸ್ಪ್ರಿಂಗ್ ಉಕ್ಕು ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ. ನಾನು ಆರಿಸಿದ್ದು 1060, ಇಡೀ ಅಲಗಿಗೆ ಒಂದೇ ಹದ ಹಾಕಿದ್ದು.

ಹಿಡಿಯೊಳಗೆ ಇರುವುದು: ಅಲಗಿನ ಬಾಲ ಹಿಡಿಯೊಳಗೆ ಆಳವಾಗಿ ಹೋಗಿರಬೇಕು. ಅಗ್ಗದ ಅಲಂಕಾರದ ಕತ್ತಿಗಳಲ್ಲಿ ಅಲ್ಲಿ ಬೆಸುಗೆ ಹಾಕಿದ ತೆಳ್ಳನೆಯ ಸರಳು ಮಾತ್ರ ಇರುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಜಪಾನಿ ಮಾದರಿಯ ಒಳ್ಳೆಯ ಗುಣವೆಂದರೆ ಬಿದಿರಿನ ಸಣ್ಣ ಗೂಟವನ್ನು ತಟ್ಟಿ ತೆಗೆದರೆ ಹಿಡಿ ಕಳಚಿ ಬರುತ್ತದೆ, ಒಳಗೆ ಏನಿದೆ ಎಂದು ಕಣ್ಣಾರೆ ನೋಡಬಹುದು. ಗೂಟದಲ್ಲಿ ಬಿರುಕಿದ್ದರೆ ಹೊಸದು ಹಾಕಬೇಕು. ಇಡೀ ಕತ್ತಿಯನ್ನು ಹಿಡಿಗೆ ಕಟ್ಟಿ ನಿಲ್ಲಿಸುವುದು ಆ ಬಿದಿರಿನ ತುಂಡು.

ಬಿಗಿ ಮತ್ತು ತೂಕ: ಅಲ್ಲಾಡಿಸಿದರೆ ಯಾವ ಭಾಗವೂ ಗಡಗಡ ಎನ್ನಬಾರದು. ಒರೆಯನ್ನು ತಲೆಕೆಳಗು ಮಾಡಿದರೆ ಕತ್ತಿ ತಾನಾಗಿ ಜಾರಬಾರದು. ಬೆನ್ನಿನ ಗುಂಟ ಕಣ್ಣು ಹಾಯಿಸಿದರೆ ಅಲಗು ಎಡಕ್ಕೂ ಬಲಕ್ಕೂ ತಿರುಚಿರಬಾರದು. ತೂಕ ಒಂದು ಕಿಲೊ, ಒಂದೂಕಾಲು ಕಿಲೊ ಒಳಗಿದ್ದರೆ ಕೈ ತಾಳುತ್ತದೆ.

ಇನ್ನು ಬಿರುದುಗಳು. 'ಸಾವಿರ ಸಲ ಮಡಚಿದ ಉಕ್ಕು' ಎಂದು ಜಾಹೀರಾತು ಕೂಗುತ್ತದೆ. ಹಳೆಯ ಕಾಲದಲ್ಲಿ ಮರಳು ಅದಿರಿನಿಂದ ತೆಗೆದ ಉಕ್ಕು ಒಂದೇ ಸಮ ಇರುತ್ತಿರಲಿಲ್ಲ. ಅದನ್ನು ಸಮ ಮಾಡಲು ಹತ್ತು ಹದಿನೈದು ಸಲ ಮಡಚಿ ಬಡಿಯುತ್ತಿದ್ದರು. ಪ್ರತಿ ಸಲ ಪದರ ಇಮ್ಮಡಿಯಾಗುವುದರಿಂದ ಪದರಗಳು ಸಾವಿರಾರು ಆಗುತ್ತಿದ್ದವು. ಇಂದಿನ ಕಾರ್ಖಾನೆಯ ಉಕ್ಕು ಮೊದಲೇ ಸಮವಾಗಿದೆ, ಅದನ್ನು ಮಡಚಿದರೆ ಚಿತ್ತಾರ ಬರುತ್ತದೆ, ಬಲ ಬರುವುದಿಲ್ಲ. ಕತ್ತಿಯ ವಂಶಾವಳಿ ಕೇಳಿ ಕೊಂಡವನು ಮೋಸ ಹೋಗುತ್ತಾನೆ. ಹಿಡಿ ಕಳಚಿ ನೋಡಿದವನು ಉಳಿಯುತ್ತಾನೆ. ಅಳತೆ ಹುಟ್ಟಲ್ಲ, ಗುಣ ಎಂಬುದನ್ನು ಮನುಷ್ಯರ ವಿಷಯದಲ್ಲಿ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

*4. ಎದೆ ಉಬ್ಬಿತಲ್ಲ, ಅದು ಏನು?*

ಕತ್ತಿ ಬಂದ ದಿನ ಅದನ್ನು ಎರಡು ಕೈಯಲ್ಲಿ ಹಿಡಿದಾಗ ಎದೆ ಉಬ್ಬಿತು. ಈ ಉಬ್ಬನ್ನು ಪರೀಕ್ಷಿಸದೆ ಬಿಡುವಂತಿಲ್ಲ.

ಆಯುಧ ಹಿಡಿಯುವ ಅನುಮತಿಯನ್ನು ಮನುಸ್ಮೃತಿ ದ್ವಿಜರ ಹೆಸರಿಗೆ ಬರೆಯಿತು. ಈ ದೇಶದಲ್ಲಿ ಸಾಮಾಜಿಕ ಕ್ರಾಂತಿ ಯಾಕೆ ಆಗಲಿಲ್ಲ ಎಂಬ ಪ್ರಶ್ನೆಗೆ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಕೊಟ್ಟ ಉತ್ತರದಲ್ಲಿ ಇದೂ ಇದೆ: ಚಾತುರ್ವರ್ಣ್ಯವು ಕೆಳಗಿನವರ ಕೈಯಿಂದ ಆಯುಧ ಕಿತ್ತಿತು, ವಿದ್ಯೆಯನ್ನೂ ಕಿತ್ತಿತು.

ಜಪಾನಿನಲ್ಲಿ ಇದಕ್ಕೆ ಬುದ್ಧನ ಹೆಸರನ್ನೇ ಬಳಸಿದರು. 1588ರಲ್ಲಿ ತೊಯೊತೊಮಿ ಹಿದೆಯೋಶಿ ಎಂಬ ಆಳುವವ ರೈತರ ಕತ್ತಿ, ಈಟಿ, ಬಂದೂಕು ಎಲ್ಲ ಕಿತ್ತುಕೊಳ್ಳುವ ಆಜ್ಞೆ ಹೊರಡಿಸಿದ. ಆ ಲೋಹವನ್ನು ಕ್ಯೋಟೊದಲ್ಲಿ ಕಟ್ಟುತ್ತಿರುವ ಮಹಾಬುದ್ಧನ ಕೆಲಸಕ್ಕೆ ಮೊಳೆಯಾಗಿ ಬಳಸುತ್ತೇವೆ, ಅದರಿಂದ ರೈತರಿಗೆ ಇಹದಲ್ಲೂ ಪರದಲ್ಲೂ ಪುಣ್ಯ ಎಂದು ಅದರಲ್ಲೇ ಬರೆಸಿದ. ಆಳುವವರ ಸೊಂಟದಲ್ಲಿ ಕತ್ತಿ ಉಳಿಯಿತು, ದುಡಿಯುವವರಿಗೆ ಪುಣ್ಯ ಸಿಕ್ಕಿತು! ಒಬ್ಬರಿಗೆ ಮಾತ್ರ ಹೇಳುವ ಅಹಿಂಸೆ ಅಹಿಂಸೆಯಲ್ಲ, ಅದು ಆಳ್ವಿಕೆಯ ಉಪಾಯ.

ಆದ್ದರಿಂದ ಎದೆ ಉಬ್ಬಿದ್ದರಲ್ಲಿ ನ್ಯಾಯ ಇದೆ. ಆದರೆ ನಮ್ಮ ಹಿರಿಯರ ಕೈಯಲ್ಲಿ ಅಲಗೇ ಇರಲಿಲ್ಲ ಎನ್ನುವುದು ಸರಿಯಲ್ಲ. ಚರ್ಮ ಕೊಯ್ಯುವ ರಂಪಿಗೆ ಇತ್ತು, ಜೋಳ ಕೊಯ್ಯುವ ಕುಡುಗೋಲು ಇತ್ತು. ದುಡಿಯುವ ಅಲಗು ನಮ್ಮದು, ಆಳುವ ಅಲಗು ಅವರದು ಎಂದು ಹಂಚಿದ್ದರು. ನಮಗೆ ತಪ್ಪಿದ್ದು ಉಕ್ಕಲ್ಲ, ಸಮಾನತೆ. 300 ಡಾಲರಿಗೆ ಸಮಾನತೆ ಸಿಗುವುದಿಲ್ಲ.

ಇದನ್ನು ಹೇಳುವ ಪ್ರಸಂಗವೂ ಬಂತು. ಕತ್ತಿಯ ಫೋಟೋ ನೋಡಿದ ನನ್ನ ತಂಗಿಯ ಮಗ ಕಲಬುರಗಿಯಿಂದ ಬರೆದ: "ಮಾಮಾ, ಏಪ್ರಿಲ್ 14ರ ಮೆರವಣಿಗಿಗಿ ನನಗೂ ಹಿಂತಾದ್ದ ಒಂದು ಬೇಕು. ಅವರು ತಲವಾರ್ ಹಿಡದು ಕುಣೀತಾರ. ನಾವ್ಯಾಕ ಹಿಡೀಬಾರದು?"

ಅವನು ಪಿಎಸ್ಐ ಪರೀಕ್ಷೆಗೆ ಓದುತ್ತಿರುವ ಹುಡುಗ. ತಲವಾರಿನಿಂದ ಕೇಕ್ ಕತ್ತರಿಸಿದ ವಿಡಿಯೋ ಹಾಕಿ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಹಾಕಿಸಿಕೊಂಡ ಹುಡುಗರ ಸುದ್ದಿ ನಮ್ಮ ಜಿಲ್ಲೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಒಂದು ಎಫ್ಐಆರ್ ಸಾಕು, ನೌಕರಿಯ ಪೊಲೀಸ್ ಪರಿಶೀಲನೆಯಲ್ಲಿ ವರ್ಷಗಳ ಓದು ನೀರುಪಾಲಾಗುತ್ತದೆ. ಆದರೆ ಕೇಸಿನ ಭಯ ಹೇಳಿ ಅವನ ಬಾಯಿ ಮುಚ್ಚಿಸಲು ನನಗೆ ಮನಸ್ಸಿರಲಿಲ್ಲ. ಅವನ ಪ್ರಶ್ನೆ ಸಮಾನತೆಯ ಪ್ರಶ್ನೆ, ಉತ್ತರವೂ ಸಮಾನತೆಯದೇ ಆಗಬೇಕು.

ನಾನು ಬರೆದದ್ದು ಇಷ್ಟು: "ನೀನು ಹಿಡಿಯಬಾರದು ಎನ್ನುವ ಹಕ್ಕು ಯಾವ ಜಾತಿಯವನಿಗೂ ಇಲ್ಲ. ಆದರೆ ಬೀದಿಯಲ್ಲಿ ಅಲಗು ಎತ್ತಿದರೆ ಅದು ಮಾಡುವ ಕೆಲಸ ಒಂದೇ, ಎದುರಿನವನ ಮನೆಯ ಮಕ್ಕಳನ್ನು ಹೆದರಿಸುವುದು. ಅವರು ಎತ್ತಿದಾಗ ಅದು ತಪ್ಪಾದರೆ ನಾವು ಎತ್ತಿದಾಗಲೂ ತಪ್ಪು. ನನಗೂ ಅದೇ ನಿಯಮ. ನಿನಗೆ ಕತ್ತಿವಿದ್ಯೆಯೇ ಬೇಕಿದ್ದರೆ ಒಬ್ಬ ಗುರುವಿನ ಹತ್ತಿರ ನಾಲ್ಕು ವರ್ಷ ಮರದ ಕತ್ತಿ ಹಿಡಿ. ಆಮೇಲೂ ಬೇಕೆನಿಸಿದರೆ ಮಾತಾಡೋಣ." ಅವನು ಎರಡು ದಿನ ಉತ್ತರ ಕೊಡಲಿಲ್ಲ. ಮೂರನೆಯ ದಿನ, "ಸರಿ ಮಾಮಾ, ಆದ್ರ ಅವರಿಗೆ ಯಾರು ಹೇಳೋರು?" ಎಂದು ಕೇಳಿದ. ಅದು ನ್ಯಾಯವಾದ ಪ್ರಶ್ನೆ. ಹೇಳಬೇಕಾದದ್ದು ಕಾನೂನು, ಮತ್ತು ಕಾನೂನಿಗೆ ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡಲು ಕಲಿಸುವ ಕೆಲಸಕ್ಕಾಗಿಯೇ ಅವನು ಆ ಪರೀಕ್ಷೆಗೆ ಓದಬೇಕು.

*5. ಶಾಂತಿ ಸಾಲದು, ಶೀಲ ಬೇಕು*

ಅಭ್ಯಾಸದಲ್ಲಿ ಒಂದು ಸತ್ಯ ಬೇಗ ತಿಳಿಯುತ್ತದೆ. ಸಿಟ್ಟಿನಿಂದ, ಬಲದಿಂದ ಬೀಸಿದರೆ ಚಾಪೆ ಕಡಿಯುವುದಿಲ್ಲ. ಅಲಗು ಮುಖ ಮಾಡಿದ ದಿಕ್ಕೂ ಅದು ಸಾಗುವ ದಾರಿಯೂ ಒಂದೇ ಆಗಬೇಕು. ಕೊಂಚ ತಪ್ಪಿದರೂ ಅಲಗು ನಡುವೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಬಾಗುತ್ತದೆ. ಮನಸ್ಸು ತಿಳಿಯಾಗಿದ್ದಾಗ ಮಾತ್ರ ಸಲೀಸಾಗಿ ಹೋಗುತ್ತದೆ. ಇದನ್ನು ನೋಡಿ ಅನೇಕರು, 'ಕತ್ತಿಯೇ ಧ್ಯಾನ, ಇದೇ ಬೌದ್ಧ ದಾರಿ' ಎನ್ನುತ್ತಾರೆ.

ಇಲ್ಲಿ ಎಚ್ಚರ ಬೇಕು. ತಿಳಿಯಾದ ಮನಸ್ಸು ಚಾಪೆಯನ್ನೂ ಕಡಿಯುತ್ತದೆ, ಕೊರಳನ್ನೂ ಕಡಿಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿನ ಹಲವು ಜೆನ್ ಗುರುಗಳು ಸೈನ್ಯದ ಬೆನ್ನಿಗೆ ನಿಂತದ್ದನ್ನು ಬ್ರಯನ್ ವಿಕ್ಟೋರಿಯಾ ತಮ್ಮ 1997ರ 'ಜೆನ್ ಅಟ್ ವಾರ್' ಪುಸ್ತಕದಲ್ಲಿ ದಾಖಲಿಸಿದ್ದಾರೆ. ಏಕಾಗ್ರತೆ ಇತ್ತು, ಕರುಣೆ ಇರಲಿಲ್ಲ.

ಬಾಬಾಸಾಹೇಬರು ಇದನ್ನು ಕತ್ತಿಯ ಹೋಲಿಕೆಯಲ್ಲೇ ಹೇಳಿದ್ದಾರೆ. ಪ್ರಜ್ಞೆ ಮನುಷ್ಯನ ಕೈಯಲ್ಲಿರುವ ಕತ್ತಿಯಂತೆ. ಶೀಲವಂತನ ಕೈಯಲ್ಲಿ ಅದು ಅಪಾಯದಲ್ಲಿರುವವನನ್ನು ಕಾಪಾಡುತ್ತದೆ, ಶೀಲವಿಲ್ಲದವನ ಕೈಯಲ್ಲಿ ಕೊಲೆ ಮಾಡುತ್ತದೆ. ಆದ್ದರಿಂದ ಪ್ರಜ್ಞೆಗಿಂತ ಶೀಲ ಮುಖ್ಯ ಎಂಬುದು ಅವರ ವಿವರಣೆಯ ಸಾರ. ಅಕ್ಕನ ಪ್ರಶ್ನೆಗೂ ನನ್ನ ಉತ್ತರ ಇಲ್ಲೇ ಇದೆ. ಕತ್ತಿ ಕೊಳ್ಳಬಹುದೇ ಎಂಬುದನ್ನು ಕತ್ತಿಯನ್ನು ಮಾತ್ರ ನೋಡಿ ತೀರ್ಮಾನಿಸಲಾಗದು. ಹಿಡಿಯುವವನ ಶೀಲವನ್ನು ನೋಡಬೇಕು. ಶೀಲ ಎಂದರೆ ಒಳ್ಳೆಯ ಭಾವನೆಯಲ್ಲ, ದಿನವೂ ಪಾಲಿಸುವ ಕಟ್ಟು.

ನಾನು ಹಾಕಿಕೊಂಡ ಕಟ್ಟುಗಳು ಇವು:

ಒಂದು, ಗುರುವಿನ ಎದುರು, ಅಭ್ಯಾಸದ ಜಾಗದಲ್ಲಿ ಬಿಟ್ಟು ಬೇರೆಲ್ಲೂ ಒರೆಯಿಂದ ತೆಗೆಯುವುದಿಲ್ಲ. ಎಣ್ಣೆ ಹಚ್ಚಿ ಒರೆಸುವುದಕ್ಕೆ ಮಾತ್ರ ವಿನಾಯಿತಿ.
ಎರಡು, ಜೀವ ಇರುವ ಯಾವುದನ್ನೂ ಕಡಿಯುವುದಿಲ್ಲ.
ಮೂರು, ಗೋಡೆಗೆ ತೂಗುಹಾಕುವುದಿಲ್ಲ. ಬುದ್ಧ, ಬಾಬಾಸಾಹೇಬರ ಚಿತ್ರದ ಹತ್ತಿರವಂತೂ ಇಡುವುದೇ ಇಲ್ಲ. ಪೆಟ್ಟಿಗೆಗೆ ಬೀಗ ಹಾಕುತ್ತೇನೆ.
ನಾಲ್ಕು, ಕತ್ತಿ ಹಿಡಿದ ಫೋಟೋ ಇನ್ನು ಮುಂದೆ ಯಾರಿಗೂ ಕಳಿಸುವುದಿಲ್ಲ.
ಐದು, ಕತ್ತಿಗೆ ಕೊಟ್ಟಷ್ಟೇ ಹಣವನ್ನು ನಮ್ಮ ಕೇರಿಯ ಹುಡುಗ ಹುಡುಗಿಯರ ಪರೀಕ್ಷಾ ಪುಸ್ತಕಗಳಿಗೆ ಕೊಡುತ್ತೇನೆ. ಈ ತಿಂಗಳು ಕೊಟ್ಟಾಗಿದೆ.
ಆರು, ಇವುಗಳಲ್ಲಿ ಒಂದನ್ನು ಪಾಲಿಸಲಾಗದ ದಿನ ಕತ್ತಿಯನ್ನು ಗುರುಗಳಿಗೆ ಒಪ್ಪಿಸುತ್ತೇನೆ.

ಅಕ್ಕ ಇದನ್ನು ಓದಿ, "ಆರನೇದ್ದು ಮರೀಬ್ಯಾಡ" ಎಂದಷ್ಟೇ ಬರೆದರು.

ಬಂಧುಗಳೇ, ಭಾನುವಾರದ ಚರ್ಚೆಗೆ ಒಂದು ಪ್ರಶ್ನೆ. ಉಕ್ಕಿನ ಕತ್ತಿ ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾಗಿಲ್ಲ. ಆದರೆ ಬಾಬಾಸಾಹೇಬರು ಹೇಳಿದ ಇನ್ನೊಂದು ಕತ್ತಿ ಈಗ ನಮ್ಮ ಕೈಯಲ್ಲಿದೆ: ಓದು, ಹುದ್ದೆ, ಸಹಿ ಹಾಕುವ ಅಧಿಕಾರ, ಮಾತಾಡುವ ಶಕ್ತಿ. ಕಳೆದ ಒಂದು ತಿಂಗಳಲ್ಲಿ ಅದರಿಂದ ನಾವು ಯಾರನ್ನು ಕಾಪಾಡಿದೆವು? ಯಾರನ್ನು ಗಾಯ ಮಾಡಿದೆವು? ಪ್ರತಿಯೊಬ್ಬರೂ ಒಂದೊಂದು ಉದಾಹರಣೆ ಬರೆದುಕೊಂಡು ಬನ್ನಿ.

ಜೈ ಭೀಮ್. ನಮೋ ಬುದ್ಧಾಯ.